ಮಠದ ಮದ್ದು, ತೋಟದ ಕಳೆ

(ಕಾಲೇಜು ವಿದ್ಯಾರ್ಥಿಗಳ ಮುಂದೆ ನಮ್ಮ ವರದಿಗಾರರು ಮಾಡಿದ ಉಪನ್ಯಾಸದ ಬರಹರೂಪ)



ಮಾತನ್ನು ನಿಮ್ಮ ಮನೆಯ ಸಾಂಬಾರ ಡಬ್ಬಿಯಿಂದಲೇ ಆರಂಭಿಸುತ್ತೇನೆ. ಅದರಲ್ಲಿ ಕೊತ್ತಂಬರಿ ಬೀಜವಿದೆ, ಜೀರಿಗೆಯಿದೆ. ಪಕ್ಕದಲ್ಲೇ ಇಂಗು, ಓಮ, ಸೋಂಪು. ಸೊಪ್ಪಿನ ಬುಟ್ಟಿಯಲ್ಲಿ ಸಬ್ಬಸಿಗೆ, ತರಕಾರಿ ಬುಟ್ಟಿಯಲ್ಲಿ ಕ್ಯಾರೆಟ್ಟು. ಮಲೆನಾಡಿನ ಕಡೆಯವರಾದರೆ ಹಿತ್ತಲಿನ ತೇವದಲ್ಲಿ ಹಬ್ಬಿಕೊಂಡ ಒಂದೆಲಗ. ನೋಡಲು ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಕಾಣುವ ಇವೆಲ್ಲ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಒಂದೇ ಮನೆತನದವು. ಸಬ್ಬಸಿಗೆಯನ್ನು ಕೀಳದೆ ಹೂವಿಗೆ ಬಿಟ್ಟರೆ ತುದಿಯಲ್ಲಿ ಕೊಡೆ ಬಿಚ್ಚಿದಂತೆ ಸಣ್ಣ ಸಣ್ಣ ಹೂಗಳ ಗೊಂಚಲು ಮೂಡುತ್ತದಲ್ಲ, ಅದೇ ಈ ಮನೆತನದ ಮುದ್ರೆ. ಲ್ಯಾಟಿನ್ನಿನಲ್ಲಿ ಪುಟ್ಟ ಕೊಡೆಗೆ 'ಅಂಬೆಲ್ಲ' ಎನ್ನುತ್ತಾರೆ. ಹಳೆಯ ಸಸ್ಯಶಾಸ್ತ್ರಜ್ಞರು ಇಡೀ ಕುಟುಂಬಕ್ಕೆ ಇಟ್ಟ ಹೆಸರು 'ಅಂಬೆಲ್ಲಿಫೆರೆ'; ಅಂದರೆ ಕೊಡೆ ಹೊತ್ತವರು. ಇಂಗ್ಲಿಷರು ತಮ್ಮ ಅಡುಗೆಯ ಪಾರ್ಸ್ಲಿ ಸೊಪ್ಪಿನ ಹೆಸರಿನಿಂದ ಇದನ್ನು ಪಾರ್ಸ್ಲಿ ಕುಟುಂಬ ಎಂದು ಕರೆಯುತ್ತಾರೆ. ನಾವು ಕೊತ್ತಂಬರಿ ಕುಟುಂಬ ಎನ್ನೋಣ.

ಇಂಥ ಸಂಭಾವಿತರ ಮನೆತನದಲ್ಲೂ ಒಬ್ಬ ಪುಂಡನಿದ್ದಾನೆ. ಅವನ ಹೆಸರು ಗ್ರೌಂಡ್ ಎಲ್ಡರ್. ಬ್ರಿಟನ್ನಿನಲ್ಲಿ ಮನೆಯ ಹಿಂದೆ ಒಂದು ತುಂಡು ಜಾಗ ಇಟ್ಟುಕೊಂಡು ಗುಲಾಬಿ ಬೆಳೆಸುವವರ ಮುಂದೆ ಈ ಹೆಸರು ಹೇಳಿ ನೋಡಿ. ಅವರ ಮುಖ ಸಪ್ಪಗಾಗುತ್ತದೆ. ಹೊಸ ಮನೆ ಕೊಂಡವರು ಮೊದಲ ವಸಂತದಲ್ಲಿ ಹೂವಿನ ಪಾತಿಯಲ್ಲಿ ಅಚ್ಚುಕಟ್ಟಾದ ಹಸಿರೆಲೆ ಕಂಡು ಸಂತೋಷಪಡುತ್ತಾರಂತೆ. ಎರಡನೆಯ ವಸಂತದಲ್ಲಿ ಗುದ್ದಲಿ ಹುಡುಕುತ್ತಾರೆ.

ನಾನು ಸಸ್ಯಶಾಸ್ತ್ರ ಓದಿದವನಲ್ಲ. ಪತ್ರಿಕೋದ್ಯಮದಲ್ಲಿ ಡಿಪ್ಲೊಮಾ ಮುಗಿಸಿ ವರದಿಗಾರಿಕೆಗೆ ಬಂದವನು. ನಮ್ಮ ವೃತ್ತಿಯಲ್ಲಿ ಮೊದಲು ಕಲಿಸುವ ಪಾಠವೊಂದಿದೆ: ಊರಿಗೆ ಊರೇ ಒಬ್ಬನನ್ನು ಕಳ್ಳನೆಂದು ದೂರುತ್ತಿದ್ದರೆ, ಅವನು ಯಾರು, ಎಲ್ಲಿಂದ ಬಂದ, ಅವನನ್ನು ಕರೆತಂದವರು ಯಾರು ಎಂದು ವಿಚಾರಿಸಬೇಕು. ಇಂದು ನಾನು ಮಾಡಹೊರಟಿರುವುದು ಅಷ್ಟೆ. ಒಂದು ಗಿಡದ ಮೇಲಿನ ದೂರಿನ ವಿಚಾರಣೆ.

ಮೊದಲು ಆರೋಪಿಯ ಗುರುತು. ಗ್ರೌಂಡ್ ಎಲ್ಡರ್ ಬಹುವಾರ್ಷಿಕ ಗಿಡ. ಚಳಿಗಾಲದಲ್ಲಿ ಮೇಲಿನ ಭಾಗವೆಲ್ಲ ಒಣಗಿ ಮಾಯವಾಗುತ್ತದೆ. ವಸಂತ ಬರುತ್ತಲೇ ನೆಲದಿಂದ ಹೊಳೆಯುವ ತಿಳಿಹಸಿರು ಎಲೆಗಳು ಮಡಿಸಿದ ಕರವಸ್ತ್ರದಂತೆ ಮೇಲೇಳುತ್ತವೆ. ಎಲೆಯ ತೊಟ್ಟು ಮೂರಾಗಿ ಕವಲೊಡೆದು, ಪ್ರತಿ ಕವಲಿನಲ್ಲಿ ಸಾಮಾನ್ಯವಾಗಿ ಮೂರು ಕಿರುಎಲೆಗಳಿರುತ್ತವೆ. ತೊಟ್ಟನ್ನು ಅಡ್ಡ ಕೊಯ್ದರೆ ಅದೂ ಮುಮ್ಮೂಲೆ. ಬೇಸಿಗೆಯಲ್ಲಿ ಸುಮಾರು ಮೂರಡಿ ಎತ್ತರದ ಕಾಂಡದ ಮೇಲೆ ಬಿಳಿಯ ಕೊಡೆ ಬಿಚ್ಚುತ್ತದೆ. ಚೆಲುವಿಗೇನೂ ಕಡಿಮೆಯಿಲ್ಲ. ನೊಣಜಾತಿಯ ಕೀಟಗಳಿಗೂ ಜೀರುಂಡೆಗಳಿಗೂ ಈ ಹೂ ಹಬ್ಬದೂಟ.

ಹೆಸರಿನ ವಿಷಯದಲ್ಲಿ ಒಂದು ಎಚ್ಚರಿಕೆ. 'ಎಲ್ಡರ್' ಎಂದ ಕೂಡಲೇ ನಮ್ಮ ಇಂಗ್ಲಿಷ್ ನಿಘಂಟು 'ಹಿರಿಯ' ಎನ್ನುತ್ತದೆ. 'ನೆಲದ ಹಿರಿಯ' ಎಂದು ಅನುವಾದಿಸಿ ಬಿಟ್ಟರೆ ಕೆಲಸ ಕೆಟ್ಟಿತು. ಎಲ್ಡರ್ ಎಂಬುದು ಯುರೋಪಿನ ಬೇಲಿಗಳಲ್ಲಿ ಬೆಳೆಯುವ ಬೇರೊಂದು ಪೊದೆ. ಅದರ ಎಲೆಯನ್ನು ಹೋಲುವ ಎಲೆ ನೆಲಮಟ್ಟದಲ್ಲಿ ಕಂಡದ್ದಕ್ಕೆ ಈ ಹೆಸರು. ಎರಡಕ್ಕೂ ರಕ್ತಸಂಬಂಧವಿಲ್ಲ. ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಜಗತ್ತಿನ ಗಿಡಮರಗಳಿಗೆಲ್ಲ ಎರಡೆರಡು ಪದಗಳ ಹೆಸರಿಟ್ಟು ಗ್ರಂಥ ಬರೆದಾಗ ಇದನ್ನು 'ಈಗೊಪೋಡಿಯಮ್ ಪೊಡಗ್ರಾರಿಯ' ಎಂದು ಕರೆದ. ಮೊದಲ ಪದಕ್ಕೆ ಗ್ರೀಕಿನಲ್ಲಿ ಮೇಕೆಯ ಪಾದ ಎಂದರ್ಥ. ಎಲೆಯ ಆಕಾರ ಮೇಕೆಯ ಗೊರಸಿನಂತೆ ಕಂಡಿತಂತೆ. ಜರ್ಮನರೂ ಇದನ್ನು ಮೇಕೆಪಾದ ಎನ್ನುವುದುಂಟು. ಎರಡನೆಯ ಪದವೇ ಈ ಕಥೆಯ ಬೀಗದ ಕೈ.

'ಪೊಡಗ್ರ' ಎಂದರೆ ಕಾಲಿಗೆ ಹಾಕಿದ ಬೋನು. ಗ್ರೀಕರು ಒಂದು ಕಾಯಿಲೆಗೆ ಇಟ್ಟ ಹೆಸರು ಅದು. ಇಂಗ್ಲಿಷಿನಲ್ಲಿ ಗೌಟ್, ನಮ್ಮ ಆಯುರ್ವೇದದಲ್ಲಿ ವಾತರಕ್ತ. ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಾಗಿ, ಅದರ ಹರಳುಗಳು ಕೀಲುಗಳಲ್ಲಿ ಕೂತಾಗ ಬರುವ ನೋವು. ಹೆಚ್ಚಾಗಿ ಹೆಬ್ಬೆರಳಿನ ಬುಡವನ್ನೇ ಹಿಡಿಯುತ್ತದೆ. ರಾತ್ರಿ ನೆಟ್ಟಗೆ ಮಲಗಿದವನು ಬೆಳಗಿನ ಜಾವ ಚೀರಿ ಏಳುತ್ತಾನೆ. ಹೊದಿಕೆಯ ಅಂಚು ಬೆರಳಿಗೆ ತಗುಲಿದರೂ ತಡೆಯಲಾಗದು. ಬೋನಿಗೆ ಬಿದ್ದ ಪ್ರಾಣಿಯ ಸ್ಥಿತಿಯೇ ಸರಿ. ಮಾಂಸ, ಮದ್ಯ ಧಾರಾಳವಾಗಿ ಸಿಗುವವರನ್ನು ಇದು ಹೆಚ್ಚಾಗಿ ಕಾಡಿದ್ದರಿಂದ ಯುರೋಪಿನಲ್ಲಿ ಇದಕ್ಕೆ ರಾಜರ ಕಾಯಿಲೆ ಎಂಬ ಖ್ಯಾತಿಯೂ ಬಂತು.

ಈ ನೋವಿಗೆ ನಮ್ಮ ಗಿಡ ಮದ್ದು ಎಂದು ಮಧ್ಯಯುಗದ ಯುರೋಪು ನಂಬಿತ್ತು. ಎಲೆ ಮತ್ತು ಬೇರನ್ನು ಅರೆದು, ಕುದಿಸಿ ಪಟ್ಟು ಹಾಕುತ್ತಿದ್ದರು. ಕ್ರೈಸ್ತ ಮಠಗಳ ಸನ್ಯಾಸಿಗಳು ಅಂದಿನ ವೈದ್ಯರೂ ಹೌದು. ಮಠದ ಗೋಡೆಯೊಳಗಿನ ಔಷಧಿ ತೋಟದಲ್ಲಿ ಇದಕ್ಕೊಂದು ಪಾತಿ ಖಾಯಂ. ಗೌಟ್ ರೋಗಿಗಳು ಸಂತ ಜೆರಾರ್ಡನಿಗೆ ಹರಕೆ ಹೊರುತ್ತಿದ್ದರು, ಹಾಗಾಗಿ ಗಿಡಕ್ಕೆ ಜೆರಾರ್ಡನ ಮೂಲಿಕೆ ಎಂಬ ಹೆಸರೂ ಬಿತ್ತು. ಮಠಗಳ ಪಾಳು ಗೋಡೆಗಳ ಬಳಿ ಹೆಚ್ಚಾಗಿ ಕಾಣುತ್ತಿದ್ದುದರಿಂದ ಬಿಷಪ್ಪನ ಕಳೆ ಎಂಬುದು ಇನ್ನೊಂದು ಹೆಸರು. ಈ ಹೆಸರು ಕೇಳಿ ನಿಮ್ಮಲ್ಲಿ ಕೆಲವರ ಕಿವಿ ನಿಮಿರಬಹುದು. ನಮ್ಮ ಓಮಕ್ಕೂ ಇಂಗ್ಲಿಷ್ ನಿಘಂಟುಗಳಲ್ಲಿ 'ಬಿಷಪ್ಸ್ ವೀಡ್' ಎಂದೇ ಇದೆ. ಕುಟುಂಬ ಒಂದೇ, ಅಡ್ಡಹೆಸರೂ ಒಂದೇ, ಗಿಡ ಮಾತ್ರ ಬೇರೆ. ಅಡುಗೆಮನೆಯ ಓಮದ ಡಬ್ಬಿ ನೋಡಿ ಯಾರೂ ಹೆದರಬೇಕಾಗಿಲ್ಲ.

ಬ್ರಿಟನ್ನಿಗೆ ಇದು ಬಂದದ್ದು ಹೇಗೆ? ಯುರೋಪಿನ ಮುಖ್ಯ ಭೂಭಾಗದಲ್ಲೂ ಪಶ್ಚಿಮ ಏಷ್ಯದ ಕಡೆಗೂ ಇದು ಕಾಡಿನ ಅಂಚಿನ ಸಹಜ ಗಿಡ. ಕಡಲು ದಾಟಿಸಿದವರು ರೋಮನ್ನರು ಎಂಬುದು ಪ್ರಚಲಿತ ಮಾತು. ಕ್ರಿ.ಶ. 43ರಿಂದ ಸುಮಾರು 410ರವರೆಗೆ ಬ್ರಿಟನ್ನನ್ನು ಆಳಿದ ಅವರು ರಸ್ತೆ, ಸ್ನಾನಗೃಹಗಳ ಜೊತೆಗೆ ತಮ್ಮ ಸೊಪ್ಪು ತರಕಾರಿಯನ್ನೂ ತಂದಿದ್ದರು. 1500ಕ್ಕೆ ಮುಂಚೆಯೇ ಮನುಷ್ಯರ ಜೊತೆ ಬಂದು ನೆಲೆನಿಂತ ಗಿಡಗಳಿಗೆ ಬ್ರಿಟಿಷ್ ಸಸ್ಯಶಾಸ್ತ್ರಜ್ಞರು ಒಂದು ಪ್ರತ್ಯೇಕ ವರ್ಗವನ್ನೇ ಮಾಡಿದ್ದಾರೆ. ನಮ್ಮ ಗಿಡ ಆ ಪಟ್ಟಿಯಲ್ಲಿದೆ. ಅಂದರೆ, ಇವನು ಕಳ್ಳದಾರಿಯಲ್ಲಿ ನುಸುಳಿ ಬಂದವನಲ್ಲ. ಆದರದಿಂದ ಕರೆತಂದು, ಪಾತಿ ಮಾಡಿ, ನೀರು ಹಾಕಿ ಸಾಕಿದ ಅತಿಥಿ.

ಅತಿಥಿಯ ಗುಣ ಬೇಗನೆ ಗೊತ್ತಾಗಿತ್ತು ಎಂಬುದಕ್ಕೂ ಸಾಕ್ಷಿಯಿದೆ. ಲಂಡನ್ನಿನ ಹೋಬರ್ನ್‌ನಲ್ಲಿ ತೋಟ ಬೆಳೆಸಿದ್ದ ಜಾನ್ ಜೆರಾರ್ಡ್ ಎಂಬಾತ 1597ರಲ್ಲಿ ಗಿಡಮೂಲಿಕೆಗಳ ಬಗ್ಗೆ ದೊಡ್ಡದೊಂದು ಪುಸ್ತಕ ಬರೆದ. (ಮೇಲೆ ಹೇಳಿದ ಜೆರಾರ್ಡ್ ಸಂತ, ಈತ ಬೇರೆ. ಹೆಸರಿನ ಹೋಲಿಕೆ ಬರೀ ಕಾಕತಾಳೀಯ.) ಈ ಗಿಡ ಒಮ್ಮೆ ಬೇರೂರಿತೆಂದರೆ ಕಿತ್ತು ಹಾಕುವುದು ಕಷ್ಟ, ವರ್ಷವರ್ಷವೂ ನೆಲ ಒತ್ತುವರಿ ಮಾಡಿಕೊಂಡು ಒಳ್ಳೆಯ ಗಿಡಗಳಿಗೆ ಕಾಟ ಕೊಡುತ್ತದೆ ಎಂಬರ್ಥದ ಮಾತನ್ನು ಆತ ಆಗಲೇ ದಾಖಲಿಸಿದ್ದಾನೆ. ನಾನೂರು ವರ್ಷ ಕಳೆದರೂ ದೂರಿನ ಒಕ್ಕಣೆ ಬದಲಾಗಿಲ್ಲ! ಆತನ ನಂತರ ಅರ್ಧ ಶತಮಾನ ಕಳೆದು 17ನೆಯ ಶತಮಾನದ ನಡುವಿನಲ್ಲಿ ಬರೆದ ನಿಕೊಲಸ್ ಕಲ್ಪೆಪರ್ ಎಂಬ ಮೂಲಿಕಾ ವೈದ್ಯ ಮಾತ್ರ ಗಿಡದ ಪರ ವಕಾಲತ್ತು ವಹಿಸುತ್ತಾನೆ. ಇದನ್ನು ಸುಮ್ಮನೆ ಜೊತೆಯಲ್ಲಿ ಇಟ್ಟುಕೊಂಡು ಓಡಾಡಿದರೂ ಗೌಟಿನ ನೋವು ತಗ್ಗುತ್ತದೆ ಎಂದು ಆತನ ವಾದ. ತಾಯಿತದ ಮೇಲೆ ನಂಬಿಕೆ ನಮ್ಮ ದೇಶದ ಗುತ್ತಿಗೆಯಲ್ಲ ಎಂಬುದಕ್ಕೆ ಇದೊಂದು ನಿದರ್ಶನ.

ಹಾಗಾದರೆ ಮದ್ದು ನಿಜವೇ? ಎಲೆಯಲ್ಲಿ ಉರಿಯೂತ ತಗ್ಗಿಸುವ ರಾಸಾಯನಿಕಗಳಿರುವುದನ್ನು ಪ್ರಯೋಗಾಲಯಗಳು ಗುರುತಿಸಿವೆ. ಆದರೆ ಪ್ರಯೋಗಾಲಯದ ಗಾಜಿನ ತಟ್ಟೆಗೂ ರೋಗಿಯ ಹೆಬ್ಬೆರಳಿಗೂ ಬಹಳ ದೂರ. ಇಂದು ಯಾವ ವೈದ್ಯರೂ ಗೌಟಿಗೆ ಇದನ್ನು ಬರೆದುಕೊಡುವುದಿಲ್ಲ. ಗೌಟಿಗೆ ನಿಜವಾಗಿ ಕೆಲಸ ಮಾಡುವ ಗಿಡಮೂಲದ ಮದ್ದು ಕಾಲ್ಚಿಸಿನ್. ಅದರ ಒಂದು ಆಕರ ನಮ್ಮಲ್ಲೇ ಮಳೆಗಾಲದ ಬೇಲಿಗಳಲ್ಲಿ ಕೆಂಪು ಹಳದಿ ಜ್ವಾಲೆಯಂತೆ ಅರಳುವ ಅಗ್ನಿಶಿಖೆ, ಗೌರಿ ಹಬ್ಬದ ಗೌರಿ ಹೂ. ಅದು ಕಡು ವಿಷದ ಗಿಡ. ಮನೆಮದ್ದಿನ ಸಾಹಸ ಬೇಡ. ವೈದ್ಯಶಾಸ್ತ್ರ ಮುಂದುವರಿದಂತೆ ಮಠದ ಹಸಿರು ಮದ್ದಿಗೆ ಗಿರಾಕಿಗಳು ಇಲ್ಲವಾದರು. ಗಿಡ ಮಾತ್ರ ಜಾಗ ಖಾಲಿ ಮಾಡಲಿಲ್ಲ.

ಏಕೆ ಮಾಡಲಿಲ್ಲ ಎಂಬುದೇ ಸ್ವಾರಸ್ಯ. ನೆಲದ ಮೇಲೆ ಕಾಣುವುದು ಈ ಗಿಡದ ಅರ್ಧ ಮಾತ್ರ. ಇನ್ನರ್ಧ ಮಣ್ಣಿನೊಳಗೆ. ಶುಂಠಿ, ಅರಿಸಿನ ನೆಲದಡಿಯಲ್ಲಿ ಅಡ್ಡಡ್ಡ ಬೆಳೆಯುತ್ತವಲ್ಲ, ಅವು ಬೇರಲ್ಲ, ಕಾಂಡವೇ. ಗ್ರೌಂಡ್ ಎಲ್ಡರ್‌ಗೂ ಅಂಥದೇ ನೆಲಗಾಂಡ. ಶುಂಠಿಯಂತೆ ದಪ್ಪ ಇರುವುದಿಲ್ಲ. ಬಿಳಿ ದಾರದಂತೆ, ಪಾಯಸದ ಶಾವಿಗೆಗಿಂತ ತುಸು ದಪ್ಪ. ಬಹಳ ಆಳಕ್ಕೂ ಹೋಗದೆ, ಮೇಲ್ಮಣ್ಣಿನಲ್ಲೇ ಬಲೆ ನೇಯುತ್ತ ಹೋಗುತ್ತದೆ. ಪ್ರತಿ ಗೆಣ್ಣಿನಲ್ಲೂ ಒಂದು ಮೊಗ್ಗು ನಿದ್ದೆಯಲ್ಲಿರುತ್ತದೆ. ದಾರ ಬಹಳ ಪೆಡಸು, ಮುಟ್ಟಿದರೆ ಲಟಕ್ಕನೆ ಮುರಿಯುತ್ತದೆ. ನೀವು ಸಿಟ್ಟಿನಿಂದ ಎಲೆ ಹಿಡಿದು ಎಳೆದಿರಿ ಎನ್ನಿ. ಎಲೆ ಕೈಗೆ ಬರುತ್ತದೆ, ದಾರ ಹತ್ತು ತುಂಡಾಗಿ ಮಣ್ಣಲ್ಲೇ ಉಳಿಯುತ್ತದೆ. ಬೆರಳ ಗೆಣ್ಣಿನಷ್ಟು ತುಂಡು ಸಾಕು, ನಿದ್ದೆಯಲ್ಲಿದ್ದ ಮೊಗ್ಗು ಎದ್ದು ಹೊಸ ಗಿಡವಾಗುತ್ತದೆ. ಹಾಗಾಗಿ ಗುದ್ದಲಿ ಹಿಡಿದವನು ಗಿಡವನ್ನು ನಾಶಮಾಡುವ ಬದಲು ನಾಟಿ ಮಾಡಿದಂತಾಗುತ್ತದೆ. ಯಂತ್ರ ಬಿಟ್ಟು ಉತ್ತರಂತೂ ಕೇಳಲೇಬೇಡಿ. ಕೊಚ್ಚಿದಷ್ಟೂ ಸಂತಾನ. ರಕ್ತಬೀಜಾಸುರನ ಕಥೆ ಕೇಳಿದ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ನಮ್ಮ ಹೊಲಗಳಲ್ಲಿ ಜೇಕಿನ ಗೆಡ್ಡೆ ಆಯ್ದು ಆಯ್ದು ಬೇಸತ್ತ ರೈತರಿಗೆ ಇಂಗ್ಲಿಷ್ ತೋಟಗಾರನ ಸಂಕಟ ಚೆನ್ನಾಗಿ ಅರ್ಥವಾದೀತು. ಇಲ್ಲಿ ಇನ್ನೂ ಒಂದು ಪೇಚಿದೆ. ಈ ಬಿಳಿದಾರ ಖಾಲಿ ಜಾಗದಲ್ಲಿ ಮಾತ್ರ ಹರಿಯುವುದಿಲ್ಲ. ಅಜ್ಜನ ಕಾಲದ ಗುಲಾಬಿಯ ಬೇರಿನ ನಡುವೆ, ಪಿಯೊನಿ ಹೂವಿನ ಗೆಡ್ಡೆಯ ಸಂದಿಯಲ್ಲಿ ತೂರಿ ಕೂರುತ್ತದೆ. ಔಷಧ ಹೊಡೆದರೆ ಗುಲಾಬಿಯೂ ಸಾಯುತ್ತದೆ. ಗುಲಾಬಿ ಉಳಿಯಬೇಕೆಂದರೆ ಅದನ್ನೇ ಬುಡಸಮೇತ ಎಬ್ಬಿಸಿ, ಬೇರನ್ನು ನೀರಲ್ಲಿ ತೊಳೆದು, ಬಿಳಿಯ ಎಳೆಗಳನ್ನು ಒಂದೊಂದಾಗಿ ಬಿಡಿಸಿ ಮತ್ತೆ ನೆಡಬೇಕು. ಹೇನು ಬಾಚುವ ತಾಯಿಯ ತಾಳ್ಮೆ ಬೇಕು. ಅಷ್ಟು ಮಾಡಿದರೂ ಪಕ್ಕದ ಮನೆಯವರು ಸುಮ್ಮನಿದ್ದರೆ ಬೇಲಿಯ ಕೆಳಗಿನಿಂದ ದಾರ ವಾಪಸು ಬರುತ್ತದೆ. ಅಲ್ಲಿನ ಜನ ಇದಕ್ಕೆ 'ಜಾಕ್ ಜಂಪ್ ಅಬೌಟ್' ಎಂದೂ ಹೆಸರಿಟ್ಟಿದ್ದಾರೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಅಲ್ಲಿಂದಿಲ್ಲಿಗೆ ಎಗರಾಡುವ ಜಾಕಪ್ಪ.

ಇದರ ಉಪಾಯ ಮೂರೇ. ಮುಳ್ಳುಗುದ್ದಲಿಯಂಥ ಸಲಕರಣೆಯಿಂದ ಮಣ್ಣು ಸಡಿಲಿಸಿ ಎಳೆ ಆಯುವುದು ಒಂದು. ಬೆಳಕೇ ಬೀಳದಂತೆ ಕಪ್ಪು ಹಾಳೆಯನ್ನೋ ದಪ್ಪ ರಟ್ಟನ್ನೋ ಎರಡು ಮೂರು ವರ್ಷ ಹೊದಿಸಿಡುವುದು ಇನ್ನೊಂದು. ಮೂರನೆಯದು ಗ್ಲೈಫೊಸೇಟ್‌ನಂಥ ಕಳೆನಾಶಕ. ಅದನ್ನೂ ಒಂದೇ ಸಲ ಹೊಡೆದು ಕೈ ತೊಳೆದುಕೊಳ್ಳುವಂತಿಲ್ಲ. ಯಾವುದು ಮಾಡಿದರೂ ಕಿತ್ತ ಎಳೆಯನ್ನು ಹಸಿಯಾಗಿ ಗೊಬ್ಬರದ ಗುಂಡಿಗೆ ಹಾಕಬಾರದು. ಬಿಸಿಲಲ್ಲಿ ಚೆನ್ನಾಗಿ ಒಣಗಿಸಿಯೇ ಹಾಕಬೇಕು. ಇಲ್ಲವಾದರೆ ಗೊಬ್ಬರದ ಜೊತೆ ತೋಟದ ಮೂಲೆಮೂಲೆಗೂ ಅದನ್ನು ನಾವೇ ಹೊತ್ತು ಹಂಚಿದಂತಾಗುತ್ತದೆ.

ಇಷ್ಟು ಹೊತ್ತು ಫಿರ್ಯಾದಿಯ ಕಡೆಯ ಮಾತು. ಈಗ ಆರೋಪಿಯ ಕಡೆಯ ಸಾಕ್ಷಿಗಳನ್ನು ಕರೆಯುತ್ತೇನೆ.

ಮೊದಲನೆಯ ಸಾಕ್ಷಿ ರಷ್ಯಾದ ಒಬ್ಬ ತಪಸ್ವಿ. ಸರೋವ್ ಎಂಬಲ್ಲಿನ ಮಠದ ಸಮೀಪ ಕಾಡಿನ ಗುಡಿಸಲಿನಲ್ಲಿ ಏಕಾಂತವಾಸ ಮಾಡಿದ ಸೆರಾಫಿಮ್, 1833ರಲ್ಲಿ ತೀರಿಕೊಂಡವರು. 1903ರಲ್ಲಿ ರಷ್ಯನ್ ಚರ್ಚು ಅವರನ್ನು ಸಂತರೆಂದು ಘೋಷಿಸಿತು. ಅವರ ಜೀವನಚರಿತ್ರೆಯಲ್ಲಿ ಬರುವಂತೆ, ಸುಮಾರು ಮೂರು ವರ್ಷ ಕಾಲ ಅವರ ಆಹಾರ ಇದೇ ಎಲೆ. ರಷ್ಯನ್ನರು ಅದನ್ನು 'ಸ್ನಿತ್' ಎನ್ನುತ್ತಾರೆ. ಎಲೆ ಕಿತ್ತು, ಮಡಕೆಯಲ್ಲಿ ನೀರು ಹಾಕಿ ಬೇಯಿಸಿ ತಿನ್ನುತ್ತಿದ್ದರು. ಬೇಸಿಗೆಯಲ್ಲೇ ಒಂದಿಷ್ಟು ಒಣಗಿಸಿ ಚಳಿಗಾಲಕ್ಕೆ ಇಟ್ಟುಕೊಳ್ಳುತ್ತಿದ್ದರು. ನಮ್ಮ ಪುರಾಣಗಳಲ್ಲಿ ಪರ್ಣಾಹಾರಿಗಳಾದ ಋಷಿಗಳು ಬರುತ್ತಾರೆ. ಯಾವ ಎಲೆ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಇಲ್ಲಿ ಎಲೆಯ ಹೆಸರೂ ಇದೆ, ಬೇಯಿಸುವ ವಿಧಾನವೂ ಇದೆ.

ಸಂತರ ಮಾತು ಬಿಡಿ, ಅವರು ಏನು ತಿಂದರೂ ನಡೆಯುತ್ತದೆ ಎನ್ನುವವರಿಗೆ ಎರಡನೆಯ ಸಾಕ್ಷಿ. 1941ರ ಸೆಪ್ಟೆಂಬರಿನಲ್ಲಿ ಜರ್ಮನ್ ಸೇನೆ ಲೆನಿನ್‌ಗ್ರಾಡ್ ನಗರವನ್ನು ಸುತ್ತುಗಟ್ಟಿತು. ಮುತ್ತಿಗೆ ಪೂರ್ತಿ ತೆರವಾದದ್ದು 1944ರ ಜನವರಿಯಲ್ಲಿ. ಮೊದಲ ಚಳಿಗಾಲದಲ್ಲೇ ಜನ ಹಸಿವಿನಿಂದ ಲಕ್ಷಗಟ್ಟಲೆ ಸತ್ತರು. ಬದುಕಿ ಉಳಿದವರ ಎದುರಿಗೆ 1942ರ ವಸಂತ ಬಂದು ನಿಂತಾಗ, ಹಿಮ ಕರಗಿದ ಉದ್ಯಾನಗಳಲ್ಲಿ, ರಸ್ತೆಯ ಪಕ್ಕದಲ್ಲಿ ಹಸಿರು ಚಿಗುರಿತು. ಆ ನಗರದ ಸಸ್ಯಶಾಸ್ತ್ರ ಸಂಸ್ಥೆಯ ವಿಜ್ಞಾನಿಗಳು, ತಾವೂ ಹಸಿದಿದ್ದವರು, ಯಾವ ಕಳೆ ತಿನ್ನಬಹುದು, ಯಾವುದು ತಿನ್ನಬಾರದು ಎಂದು ಪುಸ್ತಿಕೆ ಸಿದ್ಧಪಡಿಸಿದರು. ತುರಿಕೆ ಸೊಪ್ಪು, ದಂಡೇಲಿಯನ್‌ಗಳ ಜೊತೆ ಸ್ನಿತ್ ಕೂಡ ಹಸಿದವರ ಸಾರಿನ ಪಾತ್ರೆಗೆ ಬಂತು. ವರ್ಷಕ್ಕೆ ಮೊದಲು ಚಿಗುರುವ ಸೊಪ್ಪುಗಳಲ್ಲಿ ಇದೂ ಒಂದು. ಕಿತ್ತಷ್ಟೂ ಮತ್ತೆ ಬರುವಂಥದು. ಯಾವ ಗುಣಕ್ಕೆ ತೋಟಗಾರ ಶಾಪ ಹಾಕುತ್ತಾನೋ ಅದೇ ಗುಣ ಅಲ್ಲಿ ಜನರ ಹೊಟ್ಟೆಗೆ ಆಸರೆಯಾಯಿತು.

ಶಾಂತಿಯ ಕಾಲದಲ್ಲೂ ಇದನ್ನು ತಿಂದವರಿದ್ದಾರೆ. ಸ್ವೀಡನ್ನಿನಲ್ಲಿ ವಸಂತದ ಎಳೆ ಎಲೆಯನ್ನು ಬೇಯಿಸಿ ತಿನ್ನುವ ರೂಢಿಯನ್ನು ಲಿನೇಯಸ್ಸೇ ಗುರುತಿಸಿದ್ದಾನೆ. ಜರ್ಮನಿಯಲ್ಲಿ ಈಸ್ಟರ್‌ಗೆ ಮುಂಚಿನ ಗುರುವಾರ ಒಂಬತ್ತು ಬಗೆಯ ಹೊಸ ಚಿಗುರಿನ ಸಾರು ಮಾಡುವ ಸಂಪ್ರದಾಯವಿದೆ. ಅಲ್ಲಿ 'ಗೀರ್ಷ್' ಎಂದು ಕರೆಸಿಕೊಳ್ಳುವ ಈ ಎಲೆ ಆ ಒಂಬತ್ತರಲ್ಲಿ ಸೇರುವುದುಂಟು. ರುಚಿ ಪಾರ್ಸ್ಲಿ, ಸೆಲೆರಿಗಳ ನಡುವಿನದಂತೆ. ಹೂ ಬಿಡುವ ಮುನ್ನ ಕೀಳಬೇಕು. ಬಲಿತ ಎಲೆ ಹೊಟ್ಟೆ ಕೆಡಿಸುತ್ತದೆ. ಇತ್ತೀಚೆಗೆ ಕಾಲಚಕ್ರ ಇನ್ನೊಂದು ಸುತ್ತು ತಿರುಗಿದೆ. 2003ರಲ್ಲಿ ಕೋಪನ್‌ಹೇಗನ್ನಿನಲ್ಲಿ ಆರಂಭವಾದ ನೋಮಾ ಎಂಬ ಭೋಜನಶಾಲೆ ಕಾಡು ಸೊಪ್ಪುಗಳನ್ನು ಆಯ್ದು ತಂದು ಬಡಿಸಿ ಜಗತ್ಪ್ರಸಿದ್ಧವಾದ ಮೇಲೆ, ಉತ್ತರ ಯುರೋಪಿನ ದುಬಾರಿ ಹೋಟೆಲುಗಳ ತಟ್ಟೆಗೂ ಈ ಕಳೆ ಏರಿದೆ. ಹಿತ್ತಲಲ್ಲಿ ಕಿತ್ತು ಬಿಸಾಡುವುದಕ್ಕೆ ಅಲ್ಲಿ ಬಿಲ್ಲು! ಕವಿಗಳೂ ಬಿಟ್ಟಿಲ್ಲ. ಯಾನ್ ವಾಗ್ನರ್ ಎಂಬ ಜರ್ಮನ್ ಕವಿಯ ಕವಿತೆಯೊಂದರ ಹೆಸರೇ 'ಗೀರ್ಷ್'. ಅದು ಸೇರಿದ ಸಂಕಲನಕ್ಕೆ 2015ರಲ್ಲಿ ಲೈಪ್‌ಜಿಗ್ ಪುಸ್ತಕ ಮೇಳದ ಬಹುಮಾನ ಬಂತು.

ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು. ಈ ಮಾತು ಕೇಳಿ ಯುರೋಪಿಗೆ ಓದಲು ಹೋದ ನಮ್ಮ ಹುಡುಗರು ನಾಳೆಯೇ ಕೊಡೆಹೂವಿನ ಗಿಡ ಕಿತ್ತು ಪಲ್ಯ ಮಾಡಿಬಿಟ್ಟರೆ ಕಷ್ಟ. ಕೊತ್ತಂಬರಿ ಮನೆತನ ಅನ್ನಪೂರ್ಣೆಯದೂ ಹೌದು, ಮೃತ್ಯುವಿನದೂ ಹೌದು. ಕ್ರಿ.ಪೂ. 399ರಲ್ಲಿ ಅಥೆನ್ಸಿನ ನ್ಯಾಯಾಲಯ ಸಾಕ್ರೆಟೀಸನಿಗೆ ಕುಡಿಸಿದ ವಿಷ ಹೆಮ್ಲಾಕ್; ಅದು ಇದೇ ಕುಟುಂಬದ ಗಿಡ. ಅದೂ ಕೊಡೆ ಹೊತ್ತದ್ದೇ, ಅದರದೂ ಬಿಳಿ ಹೂವೇ. ನುಣುಪಾದ ಟೊಳ್ಳು ಕಾಂಡದ ಮೇಲೆ ನೇರಳೆ ಮಚ್ಚೆ, ಕ್ಯಾರೆಟ್ಟಿನಂತೆ ನವುರಾಗಿ ಸೀಳಿದ ಎಲೆ, ಇಲಿಯ ವಾಸನೆ: ಇವು ಅದರ ಗುರುತು. ಇನ್ನೊಬ್ಬ ನೆಂಟ ದೈತ್ಯ ಹಾಗ್‌ವೀಡ್. ಕಾಕಸಸ್ ಪರ್ವತದಿಂದ 19ನೆಯ ಶತಮಾನದಲ್ಲಿ ಬ್ರಿಟನ್ನಿಗೆ ಅಲಂಕಾರಕ್ಕೆಂದು ತಂದದ್ದು. ಆಳೆತ್ತರ ಮೀರಿ ಬೆಳೆಯುತ್ತದೆ. ಅದರ ರಸ ತಗುಲಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟಂತೆ ಬೊಬ್ಬೆ ಏಳುತ್ತದೆ. ಅದನ್ನು ಹೊರಗೆ ನೆಡುವುದನ್ನು ಬ್ರಿಟನ್ 1981ರ ಕಾಯಿದೆಯಲ್ಲಿ ಅಪರಾಧವೆಂದು ಸೇರಿಸಿತು. ಇವರ ಮುಂದೆ ನಮ್ಮ ಜಾಕಪ್ಪ ಸಾಧು. ಆದರೆ ಸಾಧುವನ್ನೂ ಘಾತುಕನನ್ನೂ ಬೇರ್ಪಡಿಸಿ ನೋಡಬಲ್ಲ ಕಣ್ಣು ಬೇಕು. ಮಠದ ಸನ್ಯಾಸಿಗೆ ಆ ಕಣ್ಣಿತ್ತು, ಹಳ್ಳಿಯ ಹೆಂಗಸಿಗಿತ್ತು. ಸೊಪ್ಪು ಅಂಗಡಿಯಿಂದ ಬರತೊಡಗಿದ ಮೇಲೆ ಆ ಕಣ್ಣು ಮಂಜಾಯಿತು. ಲೆನಿನ್‌ಗ್ರಾಡಿನ ವಿಜ್ಞಾನಿಗಳು ಪುಸ್ತಿಕೆ ಬರೆಯಬೇಕಾದದ್ದು ಅದಕ್ಕೇ: ನಗರದ ಮನೆಗಳಲ್ಲಿ ಅಜ್ಜಿಯಿಂದ ಮೊಮ್ಮಗಳಿಗೆ ಬರಬೇಕಾಗಿದ್ದ ತಿಳಿವಳಿಕೆ ಆ ಹೊತ್ತಿಗೆ ಅಚ್ಚಿನ ಮನೆಯಿಂದ ಬರಬೇಕಾಗಿತ್ತು.

ಇದನ್ನು ಓದುವಾಗ ನನಗೆ ನಮ್ಮ ಬೆರಕೆ ಸೊಪ್ಪಿನ ನೆನಪಾಯಿತು. ಕೋಲಾರ, ತುಮಕೂರು, ಮಂಡ್ಯದ ಕಡೆಯವರಿಗೆ ಹೇಳಬೇಕಾಗಿಲ್ಲ. ಒಂದು ಮಳೆ ಬಿದ್ದ ಮೇಲೆ ಹೊಲದ ಬದುವಿನಿಂದ ಅಣ್ಣೆ ಸೊಪ್ಪು, ಗಣಿಕೆ ಸೊಪ್ಪು, ಗೋಣಿ ಸೊಪ್ಪು ಎಂದು ಮಡಿಲು ತುಂಬಿಕೊಂಡು ಬಂದು ಬಸ್ಸಾರು ಮಾಡುವುದು ನಿನ್ನೆ ಮೊನ್ನೆಯ ಮಾತಲ್ಲ. ಕೃಷಿ ಪುಸ್ತಕ ತೆರೆದರೆ ಅಣ್ಣೆ ಸೊಪ್ಪು ರಾಗಿ ಹೊಲದ ಕಳೆ. ಮುದ್ದೆಯ ಪಕ್ಕದಲ್ಲಿ ಅದೇ ಸಾರು. ಕಳೆ ಕೀಳುವ ಹೆಂಗಸರು ಒಂದು ಕೈಯಲ್ಲಿ ಕಿತ್ತು ಇನ್ನೊಂದು ಕೈಯಲ್ಲಿ ಸೆರಗಿಗೆ ಹಾಕಿಕೊಳ್ಳುತ್ತಿದ್ದರು. ಹೊಲವೂ ಹಸನಾಯಿತು, ಸಂಜೆಯ ಸಾರೂ ಆಯಿತು. ಕುಡುಗೋಲಿನ ಜಾಗಕ್ಕೆ ಕಳೆನಾಶಕದ ಡಬ್ಬಿ ಬಂದ ಹೊಲದಲ್ಲಿ ಸೊಪ್ಪು ಆಯುವಂತಿಲ್ಲ. ಆಯದಿದ್ದರೆ, ಯಾವ ಎಲೆ ಯಾವುದು ಎಂದು ಮುಂದಿನವರಿಗೆ ತೋರಿಸುವ ಸಂದರ್ಭವೂ ಇಲ್ಲ. ಗಣಿಕೆ ಸೊಪ್ಪಿನ ಜಾತಿಯಲ್ಲೂ ವಿಷದ ನೆಂಟರಿದ್ದಾರೆ. ಪುಸ್ತಕ ನೋಡಿ ಕಲಿಯುವ ವಿದ್ಯೆ ಅಲ್ಲ ಅದು, ಯಾರಾದರೂ ಬೆರಳಿಟ್ಟು ತೋರಿಸಬೇಕು.

ಹಾಗೆಂದು ಎಲ್ಲ ಕಳೆಯನ್ನೂ ಬೇಯಿಸಿ ತಿಂದು ಮುಗಿಸಬಹುದೆಂದು ನಾನು ವಾದಿಸುವುದಿಲ್ಲ. ಹಿಂದಿಯವರು ಗಾಜರ್ ಘಾಸ್, ಅಂದರೆ ಕ್ಯಾರೆಟ್ ಹುಲ್ಲು, ಎಂದು ಕರೆಯುವ ನಮ್ಮ ಕಾಂಗ್ರೆಸ್ ಗಿಡವನ್ನೇ ನೋಡಿ. ಎಲೆ ಕ್ಯಾರೆಟ್ಟಿನಂತೆ ಕಂಡರೂ ಕೊತ್ತಂಬರಿ ಕುಟುಂಬದ್ದಲ್ಲ. ಪಾರ್ಥೇನಿಯಂ ಸೂರ್ಯಕಾಂತಿಯ ನೆಂಟ. ಅದನ್ನು ತಿನ್ನುವ ಮಾತಿರಲಿ, ಮುಟ್ಟಿದರೆ ತುರಿಕೆ, ಉಸಿರಾಡಿದರೆ ಕೆಮ್ಮು. ಅದರ ಬಲ ನೆಲದ ಕೆಳಗಿನ ದಾರದಲ್ಲಿಲ್ಲ, ಗಾಳಿಗೆ ಹಾರುವ ಸಾವಿರಾರು ಬೀಜದಲ್ಲಿದೆ. ಅದನ್ನು ಮೇಯಲೆಂದು ಮೆಕ್ಸಿಕೊದ ದುಂಬಿಯೊಂದನ್ನು ತರಿಸಿ, ಪರೀಕ್ಷಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ದುಂಬಿ ಮಳೆಗಾಲದಲ್ಲಿ ಗಿಡವನ್ನು ಬೋಳಿಸುತ್ತದೆ, ಬೇಸಿಗೆಯಲ್ಲಿ ತಾನು ಮಣ್ಣಿಗಿಳಿದು ಮಲಗುತ್ತದೆ, ಗಿಡ ಉಳಿದುಕೊಳ್ಳುತ್ತದೆ. ಒಂದೊಂದು ಕಳೆಗೆ ಒಂದೊಂದು ಜಾತಕ. ಎಲ್ಲಕ್ಕೂ ಒಂದೇ ಮಂತ್ರ ನಡೆಯದು.

ಗ್ರೌಂಡ್ ಎಲ್ಡರ್‌ನ ಜಾತಕದಲ್ಲಿ ಕೊನೆಯ ಮನೆ ಅಮೆರಿಕ. ಅಲ್ಲಿಗೂ ಅದು ತಾನಾಗಿ ಹೋದದ್ದಲ್ಲ. ವಲಸೆ ಹೋದ ಯುರೋಪಿಯನ್ನರು 19ನೆಯ ಶತಮಾನದಲ್ಲಿ ತೋಟದ ಅಲಂಕಾರಕ್ಕೆಂದು ಒಯ್ದರು. ಅದರಲ್ಲೂ ಅವರಿಗೆ ಮೆಚ್ಚುಗೆಯಾದದ್ದು ಎಲೆಯ ಅಂಚಿಗೆ ಬಿಳಿ ಬಣ್ಣವಿರುವ ತಳಿ. ಮರದ ನೆರಳಲ್ಲಿ ಬೇರೇನೂ ಬೆಳೆಯದ ಜಾಗಕ್ಕೆ ಹಾಸಿದ ಬಿಳಿ ಹಸಿರಿನ ಜಮಖಾನೆಯಂತೆ ಕಾಣುತ್ತದೆ. ನರ್ಸರಿಯವರ ಭಾಷೆಯಲ್ಲಿ ಇದು 'ಬೇಗ ಹಬ್ಬುವ, ಆರೈಕೆ ಬೇಡದ' ಗಿಡ. ಮಾರುವಾಗ ಅದು ಗುಣ, ಕೊಂಡ ಮೂರು ವರ್ಷಕ್ಕೆ ಅದೇ ದೋಷ. ತೋಟದಿಂದ ಕಾಡಿನಂಚಿಗೆ ನುಸುಳಿ ಅಲ್ಲಿನ ಸಹಜ ಸಸ್ಯಗಳನ್ನೂ ಮರದ ಸಸಿಗಳನ್ನೂ ಅದು ಮುಚ್ಚತೊಡಗಿದ ಮೇಲೆ ಮ್ಯಾಸಚೂಸೆಟ್ಸ್, ವರ್ಮಾಂಟ್‌ನಂಥ ರಾಜ್ಯಗಳು ಮಾರಾಟವನ್ನೇ ನಿಷೇಧಿಸಿವೆ. ಯುರೋಪಿನ ಕಾಡಿನಲ್ಲಿ ಅದಕ್ಕೆ ಸರಿಸಮನಾಗಿ ನಿಲ್ಲುವ ನೆರೆಹೊರೆಯವರಿದ್ದಾರೆ. ಸಾವಿರಾರು ವರ್ಷಗಳ ಒಡನಾಟದಲ್ಲಿ ಒಬ್ಬರನ್ನೊಬ್ಬರು ಹದ್ದುಬಸ್ತಿನಲ್ಲಿ ಇಡುವುದನ್ನು ಕಲಿತಿದ್ದಾರೆ. ಅಮೆರಿಕದ ಕಾಡಿಗೆ ಅದು ನಿನ್ನೆ ಬಂದ ಗಿಡ. ಒಂದೇ ಎಲೆ, ಒಂದೇ ಬಿಳಿದಾರ. ಒಂದು ಕಡೆ ಮನೆಯ ಮಗ, ಒಂದು ಕಡೆ ಹಳೆಯ ಬಾಡಿಗೆದಾರ, ಮತ್ತೊಂದು ಕಡೆ ಅತಿಕ್ರಮಣಕಾರ.

ನಿಮ್ಮ ಅಣ್ಣನೋ ಅಕ್ಕನೋ ಬ್ರಿಟನ್ನಿನಲ್ಲೋ ಅಮೆರಿಕದಲ್ಲೋ ಹಿತ್ತಲಿರುವ ಮನೆ ಕೊಂಡಿದ್ದರೆ ಈ ವಿಷಯ ತಿಳಿಸಿ. ನೆರೆಮನೆಯವರು ಪ್ರೀತಿಯಿಂದ ಹೂವಿನ ಗಿಡ ಕೊಟ್ಟರೆ, ಕುಂಡದ ಮಣ್ಣು ಕೊಡವಿ ಬೇರು ನೋಡಿಯೇ ನೆಡಲಿ. ಈ ಕಳೆ ಒಂದು ತೋಟದಿಂದ ಇನ್ನೊಂದಕ್ಕೆ ಹೋಗುವುದು ಹೆಚ್ಚಾಗಿ ಅಂಥ ಉಡುಗೊರೆಯ ಮಣ್ಣಿನಲ್ಲೇ. ಬಿಳಿ ಅಂಚಿನ ತಳಿ ಈಗಾಗಲೇ ಹಿತ್ತಲಲ್ಲಿದ್ದರೆ ಅದರ ಮೇಲೊಂದು ಕಣ್ಣಿಟ್ಟಿರಲಿ. ಆ ಜಮಖಾನೆಯ ನಡುವೆ ಆಗಾಗ ಬಿಳಿ ಇಲ್ಲದ ಅಪ್ಪಟ ಹಸಿರು ಚಿಗುರೊಂದು ಏಳುತ್ತದೆ. ಅದು ಹಳೆಯ ಜಾಕಪ್ಪ. ಬಣ್ಣದ ತಳಿಗಿಂತ ಅವನದು ಹೆಚ್ಚು ಕಸುವು. ಬಿಟ್ಟರೆ ಜಮಖಾನೆಯನ್ನೇ ನ್ಯಾಯವಾಗಿ ನುಂಗುತ್ತಾನೆ. ಕಂಡ ದಿನವೇ ಸುತ್ತಲಿನ ಮಣ್ಣು ಸಡಿಲಿಸಿ, ದಾರ ಮುರಿಯದಂತೆ ಎತ್ತಬೇಕು.